ರೆಂಡರ್ ನಡುವೆ ಆರಿ ಹೋಗುತ್ತಿದ್ದ ಕಂಪ್ಯೂಟರ್: ಮಿರ್ಜಾನ್ ಕಡೆಯ ಒಂದು ಪ್ರಕರಣ

ಮೇ ಕೊನೆಯ ವಾರ. ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುವ ಹೊತ್ತು. ಮಿರ್ಜಾನಿನಿಂದ ಸ್ವಲ್ಪ ಒಳಗೆ, ಅಘನಾಶಿನಿ ಹೊಳೆಯ ಗಜನಿ ಗದ್ದೆಗಳ (ಭರತದ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳು) ಬದಿಗೆ ಮನೆಯಿರುವ ಒಬ್ಬ ವಿಡಿಯೋ ಎಡಿಟರ್ ಕುಮಟೆಯ ನನ್ನ ವರ್ಕ್‌ಶಾಪಿಗೆ ಫೋನ್ ಮಾಡಿದರು. ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸಿ ಹನ್ನೆರಡು ದಿನವಾಗಿತ್ತು. ರೆಂಡರ್‌ಗೆ (ಎಡಿಟ್ ಮಾಡಿದ್ದನ್ನು ಪೂರ್ತಿ ವಿಡಿಯೋ ಆಗಿ ಹೊರತೆಗೆಯುವ ಕೆಲಸಕ್ಕೆ) ಇಟ್ಟು ಇಪ್ಪತ್ತು ನಿಮಿಷವೋ ಅರ್ಧ ತಾಸೋ ಆಗುವಷ್ಟರಲ್ಲಿ ಕಂಪ್ಯೂಟರ್ ತಟ್ಟನೆ ಆರುತ್ತಿತ್ತು. ನೀಲಿ ಪರದೆ ಇಲ್ಲ, ಎಚ್ಚರಿಕೆ ಇಲ್ಲ. ಸ್ವಿಚ್ ತೆಗೆದ ಹಾಗೆ. ಹಾಕಿಕೊಟ್ಟ ಅಂಗಡಿಯವರು ಒಮ್ಮೆ ಡ್ರೈವರ್ ಬದಲಿಸಿದ್ದರು, ಒಮ್ಮೆ ವಿಂಡೋಸನ್ನೇ ಹೊಸದಾಗಿ ಹಾಕಿದ್ದರು. ಮೂರನೆಯ ಸಲ, ಕಾರ್ಡೇ ಕೆಟ್ಟಿರಬೇಕು ಎಂದಿದ್ದರು.

“ಕಾರ್ಡ್ ವಾಪಸ್ ಕಳಿಸೂದೋ ಬೇಡವೋ, ಅಷ್ಟು ಹೇಳಿ ಸಾಕು” ಎಂದರು ಅವರು. ಇಡೀ ರಾತ್ರಿಯ ಮೂರು ಆಟಗಳ ಚಿತ್ರೀಕರಣ ಡಿಸ್ಕಿನಲ್ಲಿ ಕೂತಿತ್ತು. ಮಳೆ ಹಿಡಿಯುವ ಮೊದಲು ಕೊಡುತ್ತೇನೆಂದು ಸಂಘಟಕರಿಗೆ ಮಾತು ಕೊಟ್ಟಾಗಿತ್ತು.

ಕಾರ್ಡ್ ಕೆಟ್ಟಿರಲಿಲ್ಲ. ಆ ಮನೆಯಲ್ಲಿ ತೊಂದರೆ ಒಂದಲ್ಲ, ಮೂರಿದ್ದವು. ಮೂರೂ ಒಂದೇ ದಾರಿಯ ಮೇಲೆ, ಅಂದರೆ ನೆಲದಿಂದ ಹಿಡಿದು ಕಾರ್ಡಿನ ತುದಿಯವರೆಗೆ ಕರೆಂಟ್ ಹರಿಯುವ ದಾರಿಯ ಮೇಲೆ. ಒಂದನ್ನು ಸರಿ ಮಾಡಿದಾಗಲೇ ಮುಂದಿನದು ಕಣ್ಣಿಗೆ ಬಿತ್ತು. ಅದಕ್ಕೇ ಇದನ್ನು ಪೂರ್ತಿ ಬರೆದಿಡುತ್ತಿದ್ದೇನೆ.

ಯಂತ್ರ ಯಾವುದು, ಕಾರ್ಡ್ ಯಾಕೆ

2019ರಲ್ಲಿ ಜೋಡಿಸಿದ ಡೆಸ್ಕ್‌ಟಾಪ್. ಇಂಟೆಲ್ ಐ5-9400ಎಫ್, 32 ಜಿಬಿ ರ್‍ಯಾಮ್, ಒಂದು ಎಸ್‌ಎಸ್‌ಡಿ, ಎರಡು ಹಾರ್ಡ್ ಡಿಸ್ಕ್. ಹೆಸರಿನ ಕೊನೆಯ ‘ಎಫ್’ ಅಕ್ಷರವನ್ನು ಗಮನಿಸಬೇಕು: ಈ ಪ್ರೊಸೆಸರಿನಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲ. ಕಾರ್ಡ್ ತೆಗೆದರೆ ಮಾನಿಟರ್ ಕಪ್ಪು. ಹಾಗಾಗಿ ‘ಕಾರ್ಡ್ ತೆಗೆದು ಓಡಿಸಿ ನೋಡಿ’ ಎಂಬ ಮೊದಲ ಪರೀಕ್ಷೆಯೇ ಇಲ್ಲಿ ನಡೆಯುವುದಿಲ್ಲ. ಹಳೆಯ ಕಾರ್ಡನ್ನು ಜೋಪಾನವಾಗಿ ಇಟ್ಟುಕೊಂಡಿರಬೇಕು. ಇವರು ಇಟ್ಟುಕೊಂಡಿದ್ದರು.

ಹಳೆಯದು ಎನ್ವಿಡಿಯಾದ ಜಿಟಿಎಕ್ಸ್ 1050 ಟಿಐ, 4 ಜಿಬಿ ಮೆಮೊರಿಯದು. ರಾತ್ರಿಯ ಬಯಲಾಟವನ್ನು ಎರಡು ಕ್ಯಾಮೆರಾದಲ್ಲಿ 4ಕೆ ಹಿಡಿಯುತ್ತಾರೆ. ರಂಗಸ್ಥಳದ ಬೆಳಕಿನಲ್ಲಿ ಕಿರೀಟದ ಮಿಣಿ, ಎದೆಕಟ್ಟು ಎಲ್ಲ ಝಗಝಗಿಸುತ್ತವೆ. ಹಿಂದೆ ಭಾಗವತರು, ಮದ್ದಲೆ, ಚಂಡೆಯವರು ಕೂತ ಜಾಗ ಮಾತ್ರ ಕತ್ತಲು. ಆ ಕತ್ತಲಲ್ಲಿ ರವೆ ಚೆಲ್ಲಿದ ಹಾಗೆ ಚುಕ್ಕಿಗಳು ಕುಣಿಯುತ್ತವೆ. ಅದನ್ನು ತೊಳೆಯಲು ಎಡಿಟಿಂಗ್ ತಂತ್ರಾಂಶ ಡಾವಿಂಚಿ ರಿಸಾಲ್ವ್‌ನ ನಾಯ್ಸ್ ರಿಡಕ್ಷನ್ ಹಾಕಬೇಕು, ಆ ಕೆಲಸವೆಲ್ಲ ಗ್ರಾಫಿಕ್ಸ್ ಕಾರ್ಡಿನ ತಲೆಗೆ ಬರುತ್ತದೆ. 4 ಜಿಬಿಯಲ್ಲಿ ಆಗುತ್ತಿರಲಿಲ್ಲ. ಕಾರ್ಡಿನ (ಜಿಪಿಯು) ಮೆಮೊರಿ ತುಂಬಿದೆ ಎಂಬ ಸೂಚನೆ ಬಂದು ರೆಂಡರ್ ನಿಲ್ಲುತ್ತಿತ್ತು.

ಅವರು ಆರಿಸಿದ್ದು ಆರ್‌ಟಿಎಕ್ಸ್ 3060, 12 ಜಿಬಿಯದು. ಆಗಲೇ 4060 ಬಂದಿತ್ತು. ಅದು 115 ವ್ಯಾಟ್‌ನಲ್ಲಿ ಮುಗಿಸುತ್ತದೆ, 3060ಕ್ಕೆ 170 ವ್ಯಾಟ್ ಬೇಕು. ಆದರೆ 4060ರಲ್ಲಿ ಮೆಮೊರಿ 8 ಜಿಬಿ. ಜೊತೆಗೆ ಅದು ಪಿಸಿಐಇಯ (ಕಾರ್ಡನ್ನು ಮದರ್‌ಬೋರ್ಡಿಗೆ ಸೇರಿಸುವ ದಾರಿ) ಎಂಟೇ ಲೇನ್ ಬಳಸುವ ಕಾರ್ಡ್. ಇವರ ಮದರ್‌ಬೋರ್ಡ್ ಪಿಸಿಐಇ 3ನೇ ತಲೆಮಾರಿನದು, ಅಲ್ಲಿ ಎಂಟು ಲೇನ್ ಎಂದರೆ ದಾರಿ ಅಷ್ಟು ಕಿರಿದು. ಆಟ ಆಡುವವರಿಗೆ ಬೇರೆ ಲೆಕ್ಕ ಇರಬಹುದು. ಎಡಿಟಿಂಗ್‌ಗೆ ಮೆಮೊರಿಯೇ ಮುಖ್ಯ, ಇವರ ಆಯ್ಕೆ ಸರಿಯಾಗಿತ್ತು. ತಪ್ಪಿದ್ದು ಆ ಹೆಚ್ಚಿನ ಕರೆಂಟ್ ಎಲ್ಲಿಂದ ಬರಬೇಕು ಎಂದು ಯಾರೂ ಕೇಳದೆ ಇದ್ದದ್ದು.

ಹಳೆಯ 1050 ಟಿಐ 75 ವ್ಯಾಟ್‌ನ ಕಾರ್ಡ್. ಪಿಸಿಐಇ ಸ್ಲಾಟ್ ಕೊಡಬಹುದಾದ ಮಿತಿಯೂ 75 ವ್ಯಾಟೇ. ಅದಕ್ಕೆ ಬೇರೆ ತಂತಿಯೇ ಬೇಕಿರಲಿಲ್ಲ, ಐದು ವರ್ಷ ಎಸ್‌ಎಂಪಿಎಸ್ (ಮನೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ವೋಲ್ಟೇಜಿಗೆ ಇಳಿಸಿಕೊಡುವ ಡಬ್ಬಿ) ಕಡೆ ಯಾರೂ ತಿರುಗಿ ನೋಡಬೇಕಾಗಿ ಬಂದಿರಲಿಲ್ಲ.

ಮೊದಲ ಭೇಟಿ

ಹೋದ ಕೂಡಲೇ ಕ್ಯಾಬಿನೆಟ್ ಬಿಚ್ಚಲಿಲ್ಲ. ವಿಂಡೋಸ್‌ನ ಇವೆಂಟ್ ವ್ಯೂವರ್ ತೆರೆದೆ. ಹನ್ನೆರಡು ದಿನದಲ್ಲಿ ಕರ್ನಲ್-ಪವರ್ 41 ಎಂಬ ದಾಖಲೆ ಸಾಲುಗಟ್ಟಿ ನಿಂತಿತ್ತು. ಈ 41ನ್ನು ನೋಡಿ ಹಲವರು ವಿಂಡೋಸ್ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಅದು ಹೇಳುವುದು ಇಷ್ಟೇ: ಕ್ರಮವಾಗಿ ಮುಚ್ಚದೆ ಯಂತ್ರ ಆರಿತು. ಯಾಕೆ ಆರಿತು ಎಂಬುದು ಅದಕ್ಕೂ ಗೊತ್ತಿರುವುದಿಲ್ಲ. ಅದರ ಹಿಂದೆ ಮುಂದೆ ಡಿಸ್ಪ್ಲೇ ಡ್ರೈವರ್ ಬಿದ್ದ ದಾಖಲೆಗಳಿದ್ದರೆ ಕಾರ್ಡಿನ ಮೇಲೆ ಅನುಮಾನ ಬರುತ್ತಿತ್ತು. ಒಂದೂ ಇರಲಿಲ್ಲ.

ಆಮೇಲೆ ಒಂದು ಸುಲಭದ ಪರೀಕ್ಷೆ. ಮನೆಯಲ್ಲೇ ಯಾರೂ ಮಾಡಬಹುದಾದದ್ದು, ಕಾಸಿನ ಖರ್ಚಿಲ್ಲ, ಸ್ಕ್ರೂ ಡ್ರೈವರ್ ಕೂಡ ಬೇಡ. ಆಫ್ಟರ್‌ಬರ್ನರ್ ತಂತ್ರಾಂಶದಲ್ಲಿ ಕಾರ್ಡಿನ ಪವರ್ ಲಿಮಿಟನ್ನು 70 ಶೇಕಡಕ್ಕೆ ಇಳಿಸಿದೆ. 170ರ ಕಾರ್ಡ್ ಈಗ 119 ವ್ಯಾಟ್ ದಾಟುವುದಿಲ್ಲ. ಯಾವ ಟೈಮ್‌ಲೈನ್ ಅರ್ಧ ತಾಸಿನಲ್ಲಿ ಬೀಳುತ್ತಿತ್ತೋ ಅದನ್ನೇ ರೆಂಡರ್‌ಗೆ ಇಟ್ಟು, ಅವರ ತಾಯಿ ಕೊಟ್ಟ ಕೋಕಂ ಶರಬತ್ತು ಕುಡಿಯುತ್ತ ಕಾದೆವು. ಒಂದೂವರೆ ತಾಸು ಓಡಿತು. ಬೀಳಲಿಲ್ಲ. ಮಿತಿಯನ್ನು ಮತ್ತೆ ನೂರಕ್ಕೆ ಏರಿಸಿದೆ, ಹತ್ತೊಂಬತ್ತನೇ ನಿಮಿಷಕ್ಕೆ ಆರಿತು. ಕೆಟ್ಟ ಕಾರ್ಡ್ ಕಡಿಮೆ ಕರೆಂಟ್ ಕೊಟ್ಟರೆ ಹೀಗೆ ಒಪ್ಪವಾಗಿ ನಡೆಯುವುದು ಅಪರೂಪ. ಹಸಿದವನಿಗೆ ಅರ್ಧ ಊಟ ಬಡಿಸಿ ಪೂರ್ತಿ ಕೆಲಸ ಹೇಳಿದ ಪರಿಸ್ಥಿತಿ ಅದು.

ಈಗ ಕ್ಯಾಬಿನೆಟ್ ತೆಗೆದೆ. ಎಸ್‌ಎಂಪಿಎಸ್ ಮೇಲೆ ದೊಡ್ಡದಾಗಿ 450 ಎಂದು ಬರೆದಿತ್ತು. ಬೆನ್ನಿನಲ್ಲಿ 115 ಮತ್ತು 230 ವೋಲ್ಟಿನ ಕೆಂಪು ಸ್ವಿಚ್, ಅಂದರೆ ಆಕ್ಟಿವ್ ಪಿಎಫ್‌ಸಿ (ಮೇನ್ಸ್ ಅಲೆಗೆ ಹೊಂದುವಂತೆ ಕರೆಂಟ್ ಎಳೆಯುವ ಸರ್ಕ್ಯೂಟ್) ಇಲ್ಲದ ಹಳೆಯ ಮಾದರಿ. ಬದಿಯ ಲೇಬಲ್ಲಿನಲ್ಲಿ ಸಣ್ಣ ಅಕ್ಷರ ಓದಿದರೆ 12 ವೋಲ್ಟ್ ಸಾಲಿಗೆ 18 ಆಂಪಿಯರ್. 12ನ್ನು 18ರಿಂದ ಗುಣಿಸಿದರೆ 216 ವ್ಯಾಟ್. ಉಳಿದದ್ದನ್ನು 5 ವೋಲ್ಟ್, 3.3 ವೋಲ್ಟ್ ಸಾಲುಗಳನ್ನು ಸೇರಿಸಿ 450 ಮಾಡಿದ್ದರು. ಇವತ್ತಿನ ಪ್ರೊಸೆಸರ್, ಇವತ್ತಿನ ಗ್ರಾಫಿಕ್ಸ್ ಕಾರ್ಡ್ ಎರಡೂ ತಿನ್ನುವುದು 12 ವೋಲ್ಟಿನಿಂದಲೇ. ಕಾರ್ಡಿಗೆ 170, ಪ್ರೊಸೆಸರಿಗೆ 65, ಡಿಸ್ಕ್, ಫ್ಯಾನ್, ಬೋರ್ಡ್‌ಗೆ ಒಂದು 50 ಹಿಡಿಯಿರಿ. 285 ವ್ಯಾಟ್, ಸುಮಾರು 24 ಆಂಪಿಯರ್. ಅದರ ಮೇಲೆ ಈ ಕಾಲದ ಕಾರ್ಡ್‌ಗಳು ಕ್ಷಣಮಾತ್ರಕ್ಕೆ ತಮ್ಮ ಲೆಕ್ಕಕ್ಕಿಂತ ಎಷ್ಟೋ ಮೇಲೆ ಎಳೆಯುತ್ತವೆ. ಲೇಬಲ್ ನಿಜವೇ ಇದ್ದರೂ ಈ ಡಬ್ಬಿಗೆ ಆಗದ ಕೆಲಸ.

ಇನ್ನೊಂದು ಕಂಡದ್ದು ನನಗೆ ನಿಜಕ್ಕೂ ಹೆದರಿಕೆ ತಂದಿತು. ಹಳೆಯ ಎಸ್‌ಎಂಪಿಎಸ್‌ನಲ್ಲಿ ಕಾರ್ಡಿಗೆ ಬೇಕಾದ 8 ಪಿನ್ನಿನ ತಂತಿಯೇ ಇಲ್ಲ. ಹಾಗಾಗಿ ಎರಡು ಮೋಲೆಕ್ಸ್‌ನಿಂದ (ಹಳೆಯ ಡಿಸ್ಕುಗಳಿಗೆ ಕರೆಂಟ್ ಕೊಡುವ ನಾಲ್ಕು ಪಿನ್ನಿನ ಪ್ಲಗ್) 8 ಪಿನ್ನಿಗೆ ಬದಲಿಸುವ ಅಡಾಪ್ಟರ್ ಹಾಕಿದ್ದರು. ಆ ಎರಡು ಮೋಲೆಕ್ಸ್ ಕೂಡ ಒಂದೇ ತಂತಿಯಲ್ಲಿ ಒಂದರ ಹಿಂದೆ ಒಂದು ಪೋಣಿಸಿದ್ದವು. ಸರಿಯಾದ 8 ಪಿನ್ನಿನಲ್ಲಿ 12 ವೋಲ್ಟಿನ ತಂತಿ ಮೂರು. ಸ್ಲಾಟಿನಿಂದ ಬರುವುದು ಬಿಟ್ಟು ಇದರಲ್ಲಿ 120 ವ್ಯಾಟ್ ಹರಿದರೆ ಒಂದೊಂದಕ್ಕೆ ಮೂರು ಚಿಲ್ಲರೆ ಆಂಪಿಯರ್. ಇಲ್ಲಿ ಹತ್ತೂ ಆಂಪಿಯರ್ ಒಂದೇ ಸಪೂರ ಹಳದಿ ತಂತಿಯಲ್ಲಿ. ಮೋಲೆಕ್ಸ್ ಎಳೆದರೆ ಬರಲಿಲ್ಲ, ಅಲ್ಲಾಡಿಸಿ ಬಿಡಿಸಬೇಕಾಯಿತು. ಹಳದಿ ತಂತಿ ಕೂತ ಮೂಲೆಯಲ್ಲಿ ಬಿಳಿ ಪ್ಲಾಸ್ಟಿಕ್ ಕಂದು ತಿರುಗಿ, ತೂತು ಗುಂಡಗೆ ಉಳಿಯದೆ ಒಂದು ಬದಿಗೆ ಇಳಿದಿತ್ತು. ಮೂಗಿನ ಹತ್ತಿರ ಹಿಡಿದರೆ ಸುಟ್ಟ ಮೀನಿನಂಥ ವಾಸನೆ. ಇನ್ನೊಂದು ವಾರ ಹೀಗೇ ರಾತ್ರಿಯಿಡೀ ರೆಂಡರ್ ಇಟ್ಟು ಮಲಗಿದ್ದರೆ ಆ ಕೋಣೆಯಲ್ಲಿ ಏನಾಗುತ್ತಿತ್ತೋ. ಕಾರ್ಡಿನ ಜೊತೆ ಉಚಿತವಾಗಿ ಬರುವ ಇಂಥ ಅಡಾಪ್ಟರ್‌ಗಳನ್ನು ದಯವಿಟ್ಟು ಬಳಸಬೇಡಿ. ಎಸ್‌ಎಂಪಿಎಸ್‌ನಲ್ಲಿ 8 ಪಿನ್ ಇಲ್ಲ ಎಂದರೆ, ಆ ಕಾರ್ಡಿಗೆ ತಾನು ಹೇಳಿ ಮಾಡಿಸಿದ್ದಲ್ಲ ಎಂದು ಅದೇ ಹೇಳುತ್ತಿದೆ.

ಮಲ್ಟಿಮೀಟರ್ ಹಿಡಿದು ನೋಡಿಯೇಬಿಟ್ಟೆ. ಸುಮ್ಮನೆ ಇದ್ದಾಗ 12 ವೋಲ್ಟಿನ ಸಾಲು 11.9. ಭಾರ ಬಿದ್ದಾಗ ಬೇರೆ ತಂತಿಯ ಖಾಲಿ ಮೋಲೆಕ್ಸ್‌ನಲ್ಲಿ 11.26, ಅಡಾಪ್ಟರಿನ ಬಾಯಲ್ಲಿ 10.9. ಡೆಸ್ಕ್‌ಟಾಪ್ ಎಸ್‌ಎಂಪಿಎಸ್‌ಗಳಿಗಿರುವ ಎಟಿಎಕ್ಸ್ ಮಾನದಂಡದ ಪ್ರಕಾರ 5 ಶೇಕಡ ಹೆಚ್ಚುಕಡಿಮೆ ಆಗಬಹುದು, ಅಂದರೆ 11.4ಕ್ಕಿಂತ ಕೆಳಗೆ ಇಳಿಯಬಾರದು. ಎರಡು ಅಳತೆಗಳ ನಡುವಿನ ಆ ವ್ಯತ್ಯಾಸವೇ ತಂತಿ ಮತ್ತು ಮೋಲೆಕ್ಸ್‌ನಲ್ಲಿ ಬಿಸಿಯಾಗಿ ಹೋಗುತ್ತಿದ್ದ ವೋಲ್ಟೇಜ್.

ಹೊಸ ಎಸ್‌ಎಂಪಿಎಸ್

3060ಕ್ಕೆ ತಯಾರಕರು ಹೇಳುವುದು 550 ವ್ಯಾಟ್. ನಾನು 650 ತರಿಸಿದೆ, ದಕ್ಷತೆಯ ದರ್ಜೆ 80 ಪ್ಲಸ್ ಬ್ರಾಂಜ್. ಬೆಲೆಯ ವ್ಯತ್ಯಾಸ ಹೆಚ್ಚಿಲ್ಲ. ಎಸ್‌ಎಂಪಿಎಸ್ ಚೆನ್ನಾಗಿ ಕೆಲಸ ಮಾಡುವುದು ಅರ್ಧ ಹೊರೆಯ ಆಸುಪಾಸಿನಲ್ಲಿ, ಬ್ರಾಂಜ್ ಆದರೆ ಅಲ್ಲಿ ಕನಿಷ್ಠ 85 ಶೇಕಡ ದಕ್ಷತೆ. ನಮ್ಮ ಯಂತ್ರ ಎಳೆಯುವುದು 300ರ ಹತ್ತಿರ, ಸರಿಹೋಯಿತು. ಕರಾವಳಿಯ ಮೇ ತಿಂಗಳಲ್ಲಿ ಎಸಿ ಇಲ್ಲದ ಕೋಣೆ 33, 34 ಡಿಗ್ರಿ ಇರುತ್ತದೆ. ಅಲ್ಲಿ ಏದುಸಿರು ಬಿಡುತ್ತ ದುಡಿಯುವ ಎಸ್‌ಎಂಪಿಎಸ್ ಬಹಳ ಕಾಲ ಬಾಳುವುದಿಲ್ಲ. ಇನ್ನು ವ್ಯಾಟ್‌ಗಿಂತ ಮೊದಲು ನಾನು ಲೇಬಲ್ಲಿನಲ್ಲಿ ಹುಡುಕಿದ್ದು 12 ವೋಲ್ಟಿನ ಸಾಲನ್ನು: 650ರಲ್ಲಿ ಹೆಚ್ಚುಕಡಿಮೆ ಪೂರ್ತಿಯನ್ನು ಅದು 12 ವೋಲ್ಟಿನಲ್ಲೇ ಕೊಡಬಲ್ಲದು. ಹಳೆಯದನ್ನೂ ಹೊಸದನ್ನೂ ಒಂದೊಂದು ಕೈಯಲ್ಲಿ ಕೊಟ್ಟಾಗ ಅವರ ಮುಖ ನೋಡಬೇಕಿತ್ತು. ತೂಕವೇ ಎಲ್ಲವನ್ನೂ ಹೇಳುತ್ತಿತ್ತು.

ಬದಲಿಸುವ ಕೆಲಸ ದೊಡ್ಡದಲ್ಲ. ಪ್ಲಗ್ ತೆಗೆದು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿದು ಉಳಿದ ಚಾರ್ಜ್ ಕಳೆಯಬೇಕು. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ತೆರೆಯಲೇಬಾರದು. ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟ್ ಮೀರಿ ಡಿಸಿ ಇರುತ್ತದೆ, ಪ್ಲಗ್ ತೆಗೆದ ಮೇಲೂ ಸ್ವಲ್ಪ ಹೊತ್ತು ಉಳಿದಿರಬಹುದು. ಪ್ರೊಸೆಸರಿನ 4+4 ಪಿನ್ ಮತ್ತು ಕಾರ್ಡಿನ 6+2 ಪಿನ್ ನೋಡಲು ಅಣ್ಣತಮ್ಮಂದಿರ ಹಾಗೆ. ಒಂದರಲ್ಲಿ 12 ವೋಲ್ಟ್ ಇರುವ ಸಾಲಿನಲ್ಲಿ ಇನ್ನೊಂದರಲ್ಲಿ ಗ್ರೌಂಡ್ ಇರುತ್ತದೆ. ಸುಲಭವಾಗಿ ಕೂರದಿದ್ದರೆ ಜೋರು ಮಾಡದೆ ತೆಗೆದು ನೋಡಬೇಕು. ಮಾಡ್ಯುಲರ್ (ತಂತಿಗಳನ್ನು ಬಿಡಿಸಿ ಜೋಡಿಸಬಹುದಾದ) ಎಸ್‌ಎಂಪಿಎಸ್ ಆದರೆ ಬೇರೆ ಕಂಪನಿಯ ಹಳೆಯ ತಂತಿ ಉಳಿದಿದೆ ಎಂದು ಅದಕ್ಕೆ ಚುಚ್ಚಬಾರದು. ಎಸ್‌ಎಂಪಿಎಸ್ ಬದಿಯ ಪಿನ್ನುಗಳ ಜೋಡಣೆಗೆ ಎಲ್ಲರಿಗೂ ಒಂದೇ ಎಂಬ ನಿಯಮವಿಲ್ಲ, ಡಿಸ್ಕುಗಳು ಸುಟ್ಟು ಹೋಗುತ್ತವೆ.

ಉಪ್ಪುಗಾಳಿಯ ಕೆಲಸವೂ ಕಂಡಿತು. ಕಾರ್ಡಿನ ಹಿಂದಿನ ಸ್ಕ್ರೂ ತುಕ್ಕು ಹಿಡಿದು ತಲೆ ಸವೆದಿತ್ತು. ರ್‍ಯಾಮ್‌ನ ಬಂಗಾರದ ಹಲ್ಲುಗಳ ಮೇಲೆ ಮಸುಕು ಪೊರೆ. ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿದೆ. ಸ್ಲಾಟುಗಳಿಗೂ ಅದನ್ನೇ ಬ್ರಷ್‌ನಲ್ಲಿ.

ರಾತ್ರಿ ಪೂರ್ತಿ ಆಟ ರೆಂಡರ್ ಆಯಿತು. ಭಾರದಲ್ಲಿ 12 ವೋಲ್ಟಿನ ಸಾಲು 12.05ರಲ್ಲಿ ಅಲ್ಲಾಡದೆ ನಿಂತಿತ್ತು. ಪ್ರಕರಣ ಮುಗಿಯಿತೆಂದು ನಾನು ತಿಳಿದೆ.

ನಾಲ್ಕು ದಿನ ಬಿಟ್ಟು

ಜೂನ್ ಮೊದಲ ಮಳೆ ಬಿದ್ದ ದಿನ ಮತ್ತೆ ಫೋನ್. ಕರೆಂಟ್ ಹೋದ ಕೂಡಲೇ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತಿದೆ. ಮನೆಯ ಇನ್ವರ್ಟರ್‌ನಲ್ಲಿ ದೀಪ, ಫ್ಯಾನ್ ಎಲ್ಲ ಉರಿಯುತ್ತಲೇ ಇದೆ. ಜೊತೆಗೆ, ಬರಿಗಾಲಲ್ಲಿ ಕ್ಯಾಬಿನೆಟ್ ಮುಟ್ಟಿದರೆ ಜುಂ ಎನ್ನುತ್ತದೆ.

ಎರಡು ಬೇರೆ ಬೇರೆ ದೂರು. ಮೊದಲಿನದು ಸಮಯದ ಲೆಕ್ಕ. ಕರೆಂಟ್ ನಿಂತ ಮೇಲೆ ಎಸ್‌ಎಂಪಿಎಸ್ ತನ್ನಲ್ಲಿರುವ ಚಾರ್ಜಿನಿಂದ ಪೂರ್ತಿ ಭಾರ ತಡೆಯುವುದು ಸುಮಾರು 16 ಮಿಲಿಸೆಕೆಂಡ್. ಮನೆಯ ಇನ್ವರ್ಟರಿನ ಬೆನ್ನಿಗೆ ಒಂದು ಸಣ್ಣ ಸ್ವಿಚ್ ಇರುತ್ತದೆ: ಯುಪಿಎಸ್ ಮತ್ತು ನಾರ್ಮಲ್. ನಾರ್ಮಲ್‌ನಲ್ಲಿ ಬದಲಾಗಲು 40 ಮಿಲಿಸೆಕೆಂಡ್ ತನಕವೂ ಹಿಡಿಯಬಹುದು, ಯುಪಿಎಸ್‌ನಲ್ಲಿ 10ರ ಹತ್ತಿರ. ಫ್ಯಾನಿಗೆ ಅದು ಗೊತ್ತೇ ಆಗುವುದಿಲ್ಲ, ಕಂಪ್ಯೂಟರಿಗೆ ಸಾವು ಬದುಕಿನ ವ್ಯತ್ಯಾಸ.

ಹಾಗಾದರೆ ಸ್ವಿಚ್ ಒತ್ತಿದರೆ ಆಯಿತಲ್ಲ? ಒತ್ತಿ ನೋಡಿದೆವು. ಸಂಜೆ ಏಳಕ್ಕೆ ಇನ್ವರ್ಟರ್ ಬ್ಯಾಟರಿಗೆ ಹೋಯಿತು, ಕರೆಂಟ್ ಇದ್ದರೂ. ಯುಪಿಎಸ್ ಮೋಡ್‌ನಲ್ಲಿ ಅದು ಸುಮಾರು 180 ವೋಲ್ಟಿಗಿಂತ ಕೆಳಗಿನ ಕರೆಂಟನ್ನು ಒಪ್ಪುವುದಿಲ್ಲ. ಲೈನಿನ ಕೊನೆಯ ಆ ಮನೆಯಲ್ಲಿ ಸಂಜೆ ಮೀಟರ್ ತೋರಿಸಿದ್ದು 172. ಹೀಗೇ ಬಿಟ್ಟರೆ ದಿನಾ ಬ್ಯಾಟರಿ ಬರಿದು. ಇನ್ವರ್ಟರ್ ಕೂರಿಸಿದವರು ನಾರ್ಮಲ್‌ಗೆ ಇಟ್ಟದ್ದು ತಿಳಿದೇ, ಅವರ ಕೆಲಸ ಸರಿಯಾಗಿತ್ತು.

ಸ್ವಿಚ್ಚನ್ನು ಮತ್ತೆ ನಾರ್ಮಲ್‌ಗೆ ತಂದು, ಇನ್ವರ್ಟರ್ ಮತ್ತು ಕಂಪ್ಯೂಟರಿನ ನಡುವೆ 1100 ವಿಎಯ ಒಂದು ಲೈನ್ ಇಂಟರಾಕ್ಟಿವ್ ಯುಪಿಎಸ್ ಇಟ್ಟೆ. ಕಡಿಮೆ ವೋಲ್ಟೇಜನ್ನು ಅದು ಬ್ಯಾಟರಿ ಮುಟ್ಟದೆ ತಾನೇ ಎತ್ತಿಕೊಡುತ್ತದೆ. ಕರೆಂಟ್ ಹೋದಾಗ ಅದು ತಡೆಯಬೇಕಾದದ್ದು ಕಣ್ಣು ಮಿಟುಕಿಸುವಷ್ಟು ಹೊತ್ತು ಮಾತ್ರ, ಆಮೇಲೆ ದೊಡ್ಡ ಬ್ಯಾಟರಿಯ ಇನ್ವರ್ಟರ್ ಹೊತ್ತುಕೊಳ್ಳುತ್ತದೆ. ಅವರ ಇನ್ವರ್ಟರ್ ಸೈನ್ ವೇವ್‌ನದು, ಮೇನ್ಸ್ ಕರೆಂಟಿನಂತೆ ನಯವಾದ ಅಲೆಯದು, ಆದ್ದರಿಂದ ಇದು ಸಾಧ್ಯವಾಯಿತು. ಸ್ಕ್ವೇರ್ ವೇವ್ ಆಗಿದ್ದರೆ ಯುಪಿಎಸ್ ಆ ಕರೆಂಟನ್ನು ಒಪ್ಪದೆ ತನ್ನ ಪುಟ್ಟ ಬ್ಯಾಟರಿಯನ್ನೇ ಮುಗಿಸುವ ಅಪಾಯ ಇತ್ತು. ಆಕ್ಟಿವ್ ಪಿಎಫ್‌ಸಿ ಇರುವ ಹೊಸ ಎಸ್‌ಎಂಪಿಎಸ್‌ಗಳಲ್ಲಿ ಕೆಲವು, ಯುಪಿಎಸ್ ಬ್ಯಾಟರಿಯಿಂದ ಕೊಡುವ ಮೆಟ್ಟಿಲು ಮೆಟ್ಟಿಲಿನ ಅಲೆಯನ್ನು ಸಹಿಸದೆ ಆರುವುದೂ ಉಂಟು. ಅದಕ್ಕೇ ಖರೀದಿಗೆ ಮೊದಲು ವರ್ಕ್‌ಶಾಪಿನ ಯುಪಿಎಸ್ ಒಯ್ದು, ಪೂರ್ತಿ ರೆಂಡರ್ ನಡೆಯುತ್ತಿರುವಾಗ ಮೇನ್ ಸ್ವಿಚ್ ಹತ್ತು ಸಲ ಕೆಳಗಿಳಿಸಿ ನೋಡಿದೆ. ಹತ್ತೂ ಸಲ ನಿಂತಿತು.

ಇನ್ನು ಆ ಜುಂ. ಎಸ್‌ಎಂಪಿಎಸ್‌ನ ಬಾಯಲ್ಲಿ ಕರೆಂಟಿನಲ್ಲಿ ಬೆರೆತ ಗದ್ದಲ ಸೋಸಲು ಫೇಸ್ ಮತ್ತು ನ್ಯೂಟ್ರಲ್ ಎರಡರಿಂದಲೂ ಮೈಗೆ ಒಂದೊಂದು ಸಣ್ಣ ಕೆಪಾಸಿಟರ್ ಇರುತ್ತದೆ. ಅರ್ಥಿಂಗ್ ಇದ್ದರೆ ಅಲ್ಲಿ ಸೋರುವ ಚೂರು ಕರೆಂಟ್ ನೆಲಕ್ಕೆ ಹೋಗುತ್ತದೆ. ಇಲ್ಲದಿದ್ದರೆ ಕ್ಯಾಬಿನೆಟ್ಟಿನ ಮೈಯೇ ಅರ್ಧ ವೋಲ್ಟೇಜಿನಲ್ಲಿ ತೇಲುತ್ತದೆ. ಸಾಕೆಟ್ಟಿನಲ್ಲಿ ಮೂರನೇ ತೂತು ಇತ್ತು, ತಂತಿಯೂ ಇತ್ತು. ಆದರೆ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಮೀಟರ್ 108 ವೋಲ್ಟ್ ತೋರಿಸಿತು.

ತಂತಿ ಹಿಡಿದು ಹೊರಗೆ ಹೋದೆವು. ಮನೆ ಇರುವುದು ಚಿರೆಕಲ್ಲಿನ ದಿಬ್ಬದ ಮೇಲೆ. ಕೆಳಗೆ ಗಜನಿಯಲ್ಲಿ ಭರತದ ಉಪ್ಪುನೀರು, ಮೇಲೆ ಬೇಸಿಗೆಗೆ ಒಣಗಿ ಕಲ್ಲಾದ ಕೆಂಪು ನೆಲ. ಹಿತ್ತಲಲ್ಲಿ ಅರ್ಥಿಂಗ್ ಪೈಪಿನ ತಲೆ ಕಂಡಿತು. ತಂತಿ ಕಟ್ಟಿದ್ದ ಬೋಲ್ಟ್ ಎಲ್ಲಿ ಎಂದು ಬೆರಳಿನಿಂದ ಮಣ್ಣು ಸರಿಸಿದೆ. ಬೋಲ್ಟ್ ಇರಲಿಲ್ಲ. ತುಕ್ಕಿನ ಹಳಕುಗಳು ಮಾತ್ರ ಇದ್ದವು, ಒತ್ತಿದರೆ ಹುರಿದ ಹಪ್ಪಳದ ಹಾಗೆ ಪುಡಿಯಾದವು. ತಂತಿ ಹಾಗೆಯೇ ಕೈಗೆ ಬಂತು.

ಊರಿನ ಎಲೆಕ್ಟ್ರಿಷಿಯನ್ ಕರೆಸಿ ಹೊಸ ಗುಂಡಿ ತೋಡಿಸಿದರು. ಎರಡೂವರೆ ಮೀಟರಿನ ಜಿಐ ಪೈಪ್, ಸುತ್ತ ಇದ್ದಿಲು ಒಂದು ಪದರ, ಉಪ್ಪು ಒಂದು ಪದರ. ಉಪ್ಪಿಗೆ ದೂರ ಹೋಗಬೇಕಾಗಲಿಲ್ಲ, ಸಾಣಿಕಟ್ಟೆಯ ಹರಳುಪ್ಪು ಅಡುಗೆಮನೆಯ ಮೂಲೆಯಲ್ಲೇ ಚೀಲದಲ್ಲಿತ್ತು. ಉಪ್ಪು ನೆಲವನ್ನು ಹದ ಮಾಡುತ್ತದೆ, ಪೈಪನ್ನು ತಿನ್ನುವುದೂ ಅದೇ. ಹಾಗಾಗಿ ಈ ಸಲ ಬೋಲ್ಟ್ ಬರುವ ಜಾಗವನ್ನು ನೆಲದ ಮೇಲೆ, ಕಣ್ಣಿಗೆ ಕಾಣುವ ಹಾಗೆ ಸಿಮೆಂಟ್ ಚೌಕದೊಳಗೆ ಬಿಡಿಸಿದೆ. ಕೆಲಸ ಮುಗಿದ ಮೇಲೆ ನ್ಯೂಟ್ರಲ್ ಮತ್ತು ಅರ್ಥ್ ನಡುವೆ 2 ವೋಲ್ಟ್.

ಕೋಣೆಗೆ ಬಂದು ಕಂಪ್ಯೂಟರ್ ಹಾಕಿದಾಗ ಎಡಿಟರ್ ಸ್ಪೀಕರಿನ ಮುಂದೆ ತಲೆ ಬಾಗಿಸಿ ಕೂತರು. ವರ್ಷಗಳಿಂದ ಭಾಗವತರ ದನಿಯ ಅಡಿಯಲ್ಲಿ ಒಂದು ಸಣ್ಣ ಗುಂಯ್‌ಗುಡುವಿಕೆ ಇತ್ತಂತೆ. ಮೈಕಿನದು ಎಂದುಕೊಂಡು ಪ್ರತಿ ಆಟದಲ್ಲೂ ಅದನ್ನು ತೆಗೆಯಲು ಹೆಣಗುತ್ತಿದ್ದರು. ಈಗ ಅದಿಲ್ಲ. ಚಂಡೆಯ ಎರಡು ಪೆಟ್ಟಿನ ನಡುವೆ ಬರೀ ಮೌನ.

ಮೂರೂ ಆಟಗಳು ಜೂನ್ ಮುಗಿಯುವ ಮೊದಲು ಸಂಘಟಕರ ಕೈ ಸೇರಿದವು. ಸೆಪ್ಟೆಂಬರಿನಲ್ಲಿ ಆ ಕಡೆ ಹೋದಾಗ ಕ್ಯಾಬಿನೆಟ್ ತೆರೆದು 8 ಪಿನ್ನಿನ ತಂತಿ ಬಿಡಿಸಿ ನೋಡಿದೆ. ಕಪ್ಪು ಪ್ಲಾಸ್ಟಿಕ್ ಹೊಸದರ ಹಾಗೆಯೇ ಇತ್ತು, ಪಿನ್ನುಗಳು ಹೊಳೆಯುತ್ತಿದ್ದವು. ಮಳೆ ನಿಂತು ನೆಲ ಒಣಗಲು ಶುರುವಾದ ಮೇಲೆ ಅರ್ಥಿಂಗ್ ಗುಂಡಿಗೆ ನೀರು ಬೇಕು ಎಂದು ನೆನಪಿಸಲು ಹೊರಟೆ. ಅವರ ತಾಯಿ ಅಷ್ಟರಲ್ಲಿ ತುಳಸಿಗೆ ನೀರೆರೆದು, ಕೊಡದಲ್ಲಿ ಉಳಿದದ್ದನ್ನು ಒಯ್ದು ಆ ಸಿಮೆಂಟ್ ಚೌಕದೊಳಗೆ ಹೊಯ್ಯುತ್ತಿದ್ದರು.